ಬಿಳಿ ಡಬ್ಬಿಯ ಸಾಲಿನಲ್ಲಿ ನಿಂತವನು

ಅವನು ಮೊದಲ ಸಲ ಅಂಗಡಿಗೆ ಬಂದಾಗ ನಾನು ಅವನನ್ನು ಕಳ್ಳ ಅಂದುಕೊಂಡೆ.

ಅಂಥ ಸೆಖೆಯಲ್ಲಿ ಯಾರಾದರೂ ಹಸಿರು ಉಣ್ಣೆಯ ಟೋಪಿ ಹಾಕಿಕೊಂಡು ಬರುತ್ತಾರೆಯೇ? ಬಂದವನು ಒಂದು ಗೇಮನ್ನೂ ಮುಟ್ಟಲಿಲ್ಲ. ಕಪಾಟಿನ ಮರೆಯಲ್ಲಿ ನಿಂತು ಒಮ್ಮೆ ನನ್ನ ಕಡೆ, ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ನಾನು ದುರುಗುಟ್ಟಿದೆ. ಅವನ ಕಿವಿ ಟೋಪಿಯ ಅಂಚಿನವರೆಗೂ ಕೆಂಪಾಯಿತು.

"ಏನಾದ್ರೂ ಬೇಕಿತ್ತಾ?"

"ಅದೂ... ಹೊಸ ಕನ್ಸೋಲ್ ಬರುತ್ತಂತಲ್ಲ..."

"ಎರಡು ಬರ್ತಿದೆ. ಯಾವುದು?"

"ನೀವು ಯಾವುದರ ಹತ್ರ ಕೂತಿದೀರೋ ಅದು."

ನಾನು ಕೂತಿದ್ದು ಬಿಳಿ ಡಬ್ಬಿಯ ಹತ್ತಿರ.

ಅಂಗಡಿ ನನ್ನ ಚಿಕ್ಕಮ್ಮನದು. ಆ ತಿಂಗಳ ಕೊನೆಗೆ ಎರಡು ಕಂಪನಿಗಳ, ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್‌ಗಳು ಒಂದೇ ದಿನ ಬರುವುದಿತ್ತು. ಒಂದು ಬಿಳಿ, ಒಂದು ಕಪ್ಪು. ಅವುಗಳ ಹೆಸರು ನಾಲಿಗೆಗೆ ಹತ್ತದೆ ಚಿಕ್ಕಮ್ಮ ಬಿಳಿ ಡಬ್ಬಿ, ಕರಿ ಡಬ್ಬಿ ಎಂದೇ ಕರೆಯುತ್ತಿದ್ದಳು. ನಮ್ಮ ಪಾಲಿಗೆ ಒಟ್ಟು ಎಷ್ಟು ಎಂಬುದನ್ನು ಡಿಸ್ಟ್ರಿಬ್ಯೂಟರ್ ನಿಗದಿ ಮಾಡಿಯಾಗಿತ್ತು. ಅದರಲ್ಲಿ ಬಿಳಿ ಎಷ್ಟು, ಕರಿ ಎಷ್ಟು ಎಂದು ನಾವು ಹೇಳಬೇಕು. ಒಮ್ಮೆ ತರಿಸಿದ ಮೇಲೆ ವಾಪಸ್ ಇಲ್ಲ.

ಹಿಂದಿನ ಸಲ ಚಿಕ್ಕಮ್ಮ ಮನಸ್ಸಿಗೆ ತೋಚಿದಂತೆ ತರಿಸಿ, ಮಾರಾಟವಾಗದ ಡಬ್ಬಿಗಳನ್ನು ಮನೆಯ ಮಂಚದ ಕೆಳಗೆಲ್ಲ ತುಂಬಿಕೊಂಡಿದ್ದಳು. ಇನ್ನೊಮ್ಮೆ ಹಾಗಾದರೆ ಅಂಗಡಿ ಮುಚ್ಚುವುದೇ.

"ನೀನು ಸ್ಟ್ಯಾಟಿಸ್ಟಿಕ್ಸ್ ಓದ್ತಿದೀಯಲ್ಲೇ, ನೀನೇ ಹೇಳು. ಕಣ್ಮುಚ್ಕೊಂಡು ಅಷ್ಟೇ ತರಿಸ್ತೀನಿ" ಅಂದಳು. ಆ 'ಕಣ್ಮುಚ್ಕೊಂಡು' ಕೇಳಿ ನಾನು ಆಗಲೇ ಲೆಕ್ಕದ ಪುಸ್ತಕ ತೆರೆದೆ.

ಆಡಿ ನೋಡಲೆಂದು ಕಂಪನಿಗಳು ಕಳಿಸಿದ್ದ ಎರಡು ಕನ್ಸೋಲ್‌ಗಳನ್ನು ಎರಡು ಮೂಲೆಗಳಲ್ಲಿ ಇಟ್ಟೆವು. ಕರಿ ಮೂಲೆಗೆ ಚಿಕ್ಕಮ್ಮ, ಬಿಳಿ ಮೂಲೆಗೆ ನಾನು. ಆಡಿ ಎದ್ದವರನ್ನು ಕೇಳುವುದು: "ಬಂದ ವಾರವೇ ಇದನ್ನ ತಗೋತೀರಾ?" ಹೌದು ಅಂದವರನ್ನು ಎಣಿಸುವುದು. ಅಷ್ಟೇ.

ಮೊದಲ ಸಂಜೆ ನನ್ನ ಮೂಲೆಗೆ ನರಪಿಳ್ಳೆ ಬರಲಿಲ್ಲ, ಆ ಹಸಿರು ಟೋಪಿಯೊಂದನ್ನು ಬಿಟ್ಟು. ಎಲ್ಲರೂ ಕರಿಯ ಹಿಂದೆ. ನಾನು ಕೆನ್ನೆಗೆ ಕೈಕೊಟ್ಟು ಕೂತಿದ್ದೆ.

ಮಾರನೇ ದಿನದಿಂದ ನೋಡಿ, ಬಿಳಿ ಮೂಲೆಯಲ್ಲಿ ಸಾಲೋ ಸಾಲು! ಕೇಳಿದವರೆಲ್ಲ "ತಗೋತೀವಿ, ಖಂಡಿತ ತಗೋತೀವಿ" ಅನ್ನುವವರೇ. ನಾನು ನೆಲದ ಮೇಲೆ ಇರಲಿಲ್ಲ.

ಹಸಿರು ಟೋಪಿಯೂ ದಿನಾ ಬರುತ್ತಿದ್ದ. ಆದರೆ ಅವನು ಮೊದಲ ಲೆವೆಲ್ಲನ್ನೂ ದಾಟುತ್ತಿರಲಿಲ್ಲ. ಆಟ ಶುರುವಾದ ಕೂಡಲೇ ಹೋಗಿ ಗೋಡೆಗೆ ಗುದ್ದುವನು, ಸಾಯುವನು, ಪರದೆ ಕಪ್ಪಾಗುವುದು. ಯಾಕಪ್ಪಾ ಇಷ್ಟು ಪೆದ್ದ ಅಂತ ಬಗ್ಗಿ ನೋಡಿದೆ. ಕಪ್ಪಾದ ಪರದೆಯಲ್ಲಿ ನನ್ನ ಮುಖ ಕಾಣುತ್ತಿತ್ತು. ಅವನು ಅದನ್ನೇ ನೋಡುತ್ತಿದ್ದ.

ಸಿಕ್ಕಿಬಿದ್ದೆ ಅಂತ ಗೊತ್ತಾಗಿ ಅವನು ಜಾಯ್‌ಸ್ಟಿಕ್ ಬೀಳಿಸಿದ. ನಾನು ಗಂಟಲು ಸರಿಮಾಡಿಕೊಂಡೆ.

"ತಗೋತೀರಾ?"

"ಇನ್ನೂ ಯೋಚನೆ ಮಾಡ್ತಿದೀನಿ. ನಾಳೆ ಬಂದು ಹೇಳ್ತೀನಿ."

ದಿನವೂ ಅದೇ ಉತ್ತರ. ದಿನವೂ ನಾನು ಸಂಜೆಗಾಗಿ ಕಾಯತೊಡಗಿದೆ.

ಆರ್ಡರ್ ಕಳಿಸುವ ಕೊನೆಯ ದಿನ. ಮೂರರಲ್ಲಿ ಎರಡು ಪಾಲು ಬಿಳಿ ಎಂದು ನಾನು ಬರೆದುಕೊಟ್ಟೆ. ಚಿಕ್ಕಮ್ಮ ಫೋನು ಹಿಡಿದು ಕೂತಳು. ಅಷ್ಟರಲ್ಲಿ ಹಸಿರು ಟೋಪಿ ಒಳಗೆ ಬಂದ.

"ಏನ್ ಟೈಪ್ ಮಾಡ್ತಿದಾರೆ?" ಅಂತ ಮೆಲ್ಲಗೆ ಕೇಳಿದ.

"ಆರ್ಡರ್. ಬಿಳಿ ಜಾಸ್ತಿ, ಕರಿ ಕಮ್ಮಿ. ಇಲ್ಲಿ 'ತಗೋತೀವಿ' ಅಂದ ಲೆಕ್ಕದ ಮೇಲೆ." ನಾನು ಹೆಮ್ಮೆಯಿಂದಲೇ ಹೇಳಿದೆ.

ಅವನ ಮುಖದ ಬಣ್ಣ ಇಳಿಯಿತು. "ಆ ಲೆಕ್ಕದ ಮೇಲಾ? ಅದು ನಿಮ್ಮ ಕಾಲೇಜ್ ಪ್ರಾಜೆಕ್ಟ್ ಅಲ್ವಾ?"

"ಪ್ರಾಜೆಕ್ಟಾ? ಚಿಕ್ಕಮ್ಮನ ಅಂಗಡಿ ರೀ ಇದು!"

ಅವನು ಟೋಪಿ ತೆಗೆದ. ಹೀಗೆ ಟೋಪಿ ತೆಗೆದು ನಿಂತವರು ಒಳ್ಳೆಯ ಸುದ್ದಿ ಹೇಳುವುದಿಲ್ಲ.

"ನಾನು ದಿನಾ ಬಂದಿದ್ದು ಕನ್ಸೋಲ್‌ಗಲ್ಲ. ನನ್ನ ರೂಮಲ್ಲಿ ಟಿವಿನೇ ಇಲ್ಲ."

"ಗೊತ್ತು. ನಿಮ್ಮನ್ನ ಮೊದಲ ದಿನವೇ ತೆಗೆದುಹಾಕಿದೀನಿ."

"ತೆಗೆದುಹಾಕಿದ್ರಾ?" ಅವನ ದನಿ ಎಲ್ಲೋ ಪಾತಾಳದಿಂದ ಬಂತು.

"ಲೆಕ್ಕದಿಂದ ರೀ!"

ಒಂದು ಕ್ಷಣ ಅವನ ಕಣ್ಣು ಹೊಳೆಯಿತು. ಮತ್ತೆ ಬಾಡಿತು. "ನನ್ನನ್ನ ತೆಗೆದ್ರಿ ಸರಿ. ನಮ್ಮ ಹಾಸ್ಟೆಲ್‌ನವರನ್ನ? ಮೊದಲ ದಿನ ನೀವು ಸಪ್ಪಗೆ ಕೂತಿದ್ರಲ್ಲ, ನೋಡೋಕಾಗ್ಲಿಲ್ಲ. ಹೋಗ್ರೋ, ಬಿಳಿ ಹತ್ರ ಆಡ್ರೋ, ಕೇಳಿದ್ರೆ ತಗೋತೀವಿ ಅನ್ರೋ ಅಂತ ಎಲ್ಲರ ಕಾಲು ಹಿಡಿದೆ. ದಿನಾ ಬೇರೆ ಬೇರೆ ಶರ್ಟ್ ಹಾಕ್ಕೊಂಡು ಬರ್ತಿದ್ರು."

ನನ್ನ ಕಾಲ ಕೆಳಗಿನ ನೆಲವೇ ಜಾರಿತು.

"ಚಿಕ್ಕಮ್ಮಾ! ಒತ್ಬೇಡ!"

ಚಿಕ್ಕಮ್ಮ ತಲೆ ಎತ್ತಿದಳು. ಬೆರಳು ಫೋನಿನ ಮೇಲೆಯೇ ಇತ್ತು. "ಒತ್ಬಿಟ್ನಲ್ಲೇ."

ವಿಷಯ ತಿಳಿದಾಗ ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಅಲ್ಲಾ, ಟೋಪಿ ಹಾಕ್ಕೊಂಡು ಬಂದವನು ನಮಗೇ ಟೋಪಿ ಹಾಕಿದ್ನಲ್ಲೇ!" ಅನ್ನುತ್ತಲೇ ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿದಳು. "ಅಣ್ಣಾ, ನಮ್ಮ ಆರ್ಡರ್ ಒಂಚೂರು ತಡಿ... ಮುಂದಕ್ಕೆ ಕಳಿಸ್ತಾ ಇದೀಯಾ? ಅಯ್ಯೋ, ಮೊದಲು ಟೀ ಕುಡಿ ಅಣ್ಣಾ, ಆಮೇಲೆ ಕಳಿಸುವಂತೆ. ನಿನ್ನ ತಂಗಿ ಅನ್ಕೋ."

ಡಿಸ್ಟ್ರಿಬ್ಯೂಟರ್ ಒಂದು ಟೀ ಕುಡಿಯುವಷ್ಟು ಹೊತ್ತು ಕೊಟ್ಟ.

ಹಸಿರು ಟೋಪಿ ಗ್ರೂಪಿಗೆ ಮೆಸೇಜ್ ಹಾಕಿದ. ಎದುರು ಬೀದಿಯ ಹಾಸ್ಟೆಲ್ಲಿನಿಂದ ಹುಡುಗರು ಚಪ್ಪಲಿ ಕಾಲಲ್ಲೇ ಓಡಿ ಬಂದು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತರು. ಚಿಕ್ಕಮ್ಮನ ವಿಚಾರಣೆ ಶುರು.

"ನೀನೆಷ್ಟು ಸಲ ತಗೋತೀನಿ ಅಂದೆ ಮಗಾ?"

"ನಾಲ್ಕು, ಆಂಟಿ."

"ಕನ್ನಡಕ, ನೀನು?"

"ಐದು. ಒಂದ್ಸಲ ಮಾತ್ರ ನಿಜವಾಗ್ಲೂ ಅನ್ನಿಸ್ತು ಆಂಟಿ."

ನಾನು ಕಳೆಯುತ್ತಾ ಹೋದೆ. ಪಕ್ಕದಲ್ಲಿ ಅವನೂ ಕೂತು ಕಳೆದ, ನಾನು ತಪ್ಪಿದಲ್ಲಿ ತಿದ್ದಿದ. ಕೊನೆಗೆ ಉಳಿದದ್ದು ತಲೆಕೆಳಗು: ಮೂರರಲ್ಲಿ ಎರಡು ಪಾಲು ಕರಿ.

"ಇದಾದ್ರೂ ಗಟ್ಟಿಯಾ?" ಚಿಕ್ಕಮ್ಮ ಕೇಳಿದಳು.

"ಗಟ್ಟಿ" ಅಂದೆ. ಅಷ್ಟು ಗಟ್ಟಿಯಾಗಿ ಅಲ್ಲ. ಟೀ ಮುಗಿಯುವುದರೊಳಗೆ ಚಿಕ್ಕಮ್ಮ ಫೋನಿನಲ್ಲಿ ಆರ್ಡರ್ ಬದಲಿಸಿದಳು.

ಬಿಡುಗಡೆಯ ದಿನ ಬೆಳಗ್ಗೆ ನನಗೆ ಒಂದು ತುತ್ತೂ ಇಳಿಯಲಿಲ್ಲ. ಜನ ಬಂದರು, ಮೊದಲ ನಾಲ್ವರೂ ಬಿಳಿ ಕೇಳಿದರು. ನನ್ನ ಜೀವ ಬಾಯಿಗೆ ಬಂತು. ಗೋದಾಮಿನಿಂದ ಡಬ್ಬಿ ಹೊತ್ತು ತರುತ್ತಿದ್ದ ಅವನು (ಹೌದು, ಕರೆಯದೇ ಬಂದಿದ್ದ) ನನ್ನನ್ನು ನೋಡಿ "ನಾಲ್ಕೇ ಜನ. ಉಸಿರಾಡಿ" ಅಂದ. ಐದನೆಯವಳು ಕರಿ ಅಂದಳು. ಆರನೆಯವನು ಕರಿ. ಆಮೇಲೆ ಕರಿ, ಕರಿ, ಬಿಳಿ, ಕರಿ.

ಮುಸ್ಸಂಜೆಗೆ ಬಿಳಿಯ ಕೊನೆಯ ಡಬ್ಬಿ ಹೋಯಿತು. ಅದರ ಬೆನ್ನಿಗೇ ಕರಿಯದೂ. ಗೋದಾಮಿನಲ್ಲಿ ಒಂದೇ ಒಂದು ಡಬ್ಬಿ ಇರಲಿಲ್ಲ. ಚಿಕ್ಕಮ್ಮ ಖಾಲಿ ಕಪಾಟನ್ನು ಸವರಿ ಸವರಿ ನೋಡಿ, ಕುರ್ಚಿಯಲ್ಲಿ ಕುಸಿದು, ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ. ನನ್ನ ಹೆಗಲ ಮೇಲಿಂದ ಯಾರೋ ಮೂಟೆ ಇಳಿಸಿದಂತಾಯಿತು. ಅಲ್ಲೇ ನೆಲದ ಮೇಲೆ ಕೂತೆ.

ಅವನೂ ಬಂದು ಕೂತ. ನಡುವೆ ಒಂದು ಗೇಣು ಜಾಗ ಬಿಟ್ಟು.

"ಒಂದು ಕೇಳ್ಲಾ? ಮೊದಲ ದಿನ ನನ್ನನ್ನ ಯಾಕೆ ತೆಗೆದುಹಾಕಿದ್ರಿ? ನಾನು ಆಗಿನ್ನೂ ಯಾವ ಸುಳ್ಳೂ ಹೇಳಿರಲಿಲ್ಲ."

ನಾನು ಬೆರಳು ನೋಡಿಕೊಂಡೆ. "ಎಣಿಸೋರಿಗೆ ಯಾರ ಮೇಲೂ ಪಕ್ಷಪಾತ ಇರಬಾರದು. ನಿನ್ನ ವಿಷಯದಲ್ಲಿ ನನಗೆ ಇತ್ತು."

"ಮೊದಲ ದಿನದಿಂದಲೇ?"

"ಕಳ್ಳ ಅಂದ್ಕೊಂಡಾಗಿಂದಲೇ ಕಣೋ."

ಅವನು ಜೋರಾಗಿ ಉಸಿರು ಬಿಟ್ಟ, ಪರೀಕ್ಷೆ ಮುಗಿಸಿ ಬಂದವನ ಹಾಗೆ. ಗೇಣು ಜಾಗ ಎಲ್ಲಿ ಹೋಯಿತೋ, ನನ್ನ ಕೈ ಅವನ ಕೈಯೊಳಗಿತ್ತು. ಬೆಳಗಿನಿಂದ ಡಬ್ಬಿ ಹೊತ್ತು ಒರಟಾಗಿದ್ದ ಬೆಚ್ಚಗಿನ ಕೈ.

ಚಿಕ್ಕಮ್ಮ ಬೀಗದ ಕೈ ಜಣಜಣ ಅನ್ನಿಸಿದಳು.

"ಲೈಟ್ ಆರಿಸ್ತಿದೀನಿ. ಕೈ ಹಿಡ್ಕೊಂಡಿರೋರು ಹಾಗೇ ಹಿಡ್ಕೊಂಡು ಹೊರಗೆ ನಡೀರಿ."