ಹುಳ ಬಿಟ್ಟವನು

ನಮ್ಮ ಮನೆಯ ಗೇಟಿಗೆ ಅಂಟಿಸಿದ್ದ ನೋಟಿಸ್ ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಹೊಸಕೋಟೆ ಪಕ್ಕದ ಈ ಗೇಟೆಡ್ ಲೇಔಟಿನಲ್ಲಿ ಲಾನ್‌ಗೆ ಹುಳ ಬಿದ್ದರೂ ರೋಗ ಬಂದರೂ ಆ ಮನೆಯವರದೇ ಹೊಣೆ. ಅದು ಸರಿ. ಅಕ್ಕಪಕ್ಕಕ್ಕೆ ಹರಡಿದರೆ ಅವರ ಹುಲ್ಲನ್ನೂ ನಾವೇ ಹಾಕಿಸಿಕೊಡಬೇಕು. ಅದೂ ಇರಲಿ. ಆದರೆ ಕೆಳಗಿದ್ದ ಸಹಿ? ಭಾನುಪ್ರಕಾಶ್, ಕಾರ್ಯದರ್ಶಿ.

ನಿನ್ನೆವರೆಗೆ ಫೋನಿನಲ್ಲಿ ‘ಪಮ್ಮಿ’ ಎನ್ನುತ್ತಿದ್ದವನು ಇವತ್ತು ‘ಮಾನ್ಯರೇ’ ಎಂದು ಬರೆದಿದ್ದ!

ಸೀದಾ ಅವನ ಮನೆ ಮುಂದೆ ಹೋಗಿ ನಿಂತೆ. ಗಿಡಗಳಿಗೆ ನೀರು ಬಿಡುತ್ತಿದ್ದ.

“ಏನೋ ಇದು, ಮಾನ್ಯರೇ?”

ಅವನು ಮೊದಲು ನೋಡಿದ್ದು ನನ್ನನ್ನಲ್ಲ, ರಸ್ತೆಯ ಆಚೆ ಈಚೆ. ಅದನ್ನು ಕಂಡು ನನ್ನ ಸಿಟ್ಟು ಇನ್ನೂ ಏರಿತು.

“ಮೆತ್ತಗೆ ಮಾತಾಡೇ. ಪ್ರೆಸಿಡೆಂಟ್ ಸೈನ್ ಮಾಡು ಅಂದ್ರು, ಮಾಡ್ದೆ. ಎಲ್ರಿಗೂ ಅದೇ ಫಾರ್ಮ್ಯಾಟು.”

“ನಾನೂ ಎಲ್ರ ಥರಾನಾ ನಿಂಗೆ?”

“ಹಂಗಲ್ಲ ಪಮ್ಮಿ…” ಎಂದು ತುಟಿಯಂಚಿನಲ್ಲಿ ನಕ್ಕ. ಬೇರೆ ದಿನವಾಗಿದ್ದರೆ ಆ ನಗುವಿಗೆ ಕರಗಿಬಿಡುತ್ತಿದ್ದೆ. ಅವತ್ತು ಅವನ ಕೈಯಲ್ಲಿದ್ದ ಪೈಪನ್ನು ಅವನ ಮುಖಕ್ಕೇ ಹಿಡಿಯಬೇಕೆನಿಸಿತು.

ಮನೆಗೆ ಬಂದು ಹಳದಿ ತಿರುಗಿದ್ದ ಹುಲ್ಲನ್ನು ಎಳೆದೆ. ಬೇರೇ ಇಲ್ಲದೆ ಚಾಪೆಯ ಹಾಗೆ ಎದ್ದು ಬಂತು. ಕೆಳಗೆ ಬೆಳ್ಳಗೆ, ದಪ್ಪಗೆ, ಸುರುಳಿ ಸುತ್ತಿಕೊಂಡ ಗೊಣ್ಣೆ ಹುಳಗಳು.

ಅಮ್ಮ ಬಗ್ಗಿ ನೋಡಿದಳು. “ಇವು ತಿಪ್ಪೇಲಿರೋವು ಕಣೇ. ಗೊಬ್ಬರ ಸರಿಯಾಗಿ ಕಳೀದೆ ಹಾಕಿದ್ರೆ ಜೊತೇಲೇ ಬಂದ್ಬಿಡ್ತವೆ. ಆ ನರ್ಸರಿಯೋರು ಎಂಥದ್ದು ಕೊಟ್ರೋ!”

ನರ್ಸರಿ ಎಂಬುದು ನಾನು ಹೇಳಿದ್ದ ಸುಳ್ಳು. ಮಳೆಗಾಲದ ಶುರುವಿನಲ್ಲಿ ಭಾನು ತನ್ನ ಊರಿನ ತಿಪ್ಪೆಯಿಂದ ಕಾರಿನ ಡಿಕ್ಕಿ ತುಂಬ ಗೊಬ್ಬರ ತಂದಿದ್ದ. “ರೋಜ್ ಕೊಟ್ರೆ ನಾಳೆ ಬಾಡೋಗುತ್ತೆ. ಇದು ಹಾಕು, ವರ್ಷವೆಲ್ಲ ಹಸಿರಾಗಿರುತ್ತೆ” ಎಂದಿದ್ದ. ನಾನು ಮೂಗು ಮುಚ್ಚಿಕೊಂಡೇ ಅವನಿಗೆ ಸೋತಿದ್ದೆ. ಮನೆಯಲ್ಲಿ ನಮ್ಮ ವಿಷಯ ಹೇಳೋ ಎಂದರೆ ಮಾತ್ರ ‘ಹಬ್ಬ ಕಳೀಲಿ’ ಎನ್ನುವವನು. ಯಾವ ಹಬ್ಬವೂ ಅವನಿಗೆ ಕಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಮೀಟಿಂಗ್. ಪ್ರೆಸಿಡೆಂಟ್ ವೇಣುಗೋಪಾಲ್ ಎಲ್ಲರೆದುರು ಅಮ್ಮನನ್ನೇ ನಿಲ್ಲಿಸಿ ಕೇಳಿದರು.

“ಮುನಿರತ್ನಮ್ಮನೋರೇ, ಇದೇನು ಹೊಲ ಅನ್ಕೊಂಡ್ರಾ? ತಿಪ್ಪೆ ತಂದು ಸುರಿದು ಎಲ್ಲರ ಲಾನ್‌ಗೂ ಹುಳ ಬಿಟ್ಬಿಟ್ರಲ್ಲ!”

ಅಮ್ಮ ಸೆರಗು ಹೊದ್ದುಕೊಂಡು, “ತಪ್ಪಾಯ್ತು ಸಾರ್” ಎಂದಳು.

ಏನು ತಪ್ಪು ಮಾಡಿದ್ದಳು ಅವಳು? ನನ್ನ ರಕ್ತ ಕುದಿಯಿತು. ಕಮಿಟಿಯ ಸಾಲಿನಲ್ಲಿ ಕೂತಿದ್ದ ಭಾನು ಮೊಬೈಲಿನೊಳಗೆ ಮುಖ ಹುದುಗಿಸಿದ್ದ. ಅಮ್ಮ ತಲೆ ತಗ್ಗಿಸುವುದನ್ನು ನೋಡಿಕೊಂಡು ಇವನು ಇವತ್ತೂ ಸುಮ್ಮನಿದ್ದರೆ, ಇವನ ಸಹವಾಸವೇ ಬೇಡ ಎಂದು ತೀರ್ಮಾನಿಸಿ ಎದ್ದು ನಿಂತೆ.

“ಸಾರ್, ಕುಂಬಳಕಾಯಿ ಕಳ್ಳ ಈ ಹಾಲ್‌ನಲ್ಲೇ ಕೂತಿದಾನೆ.”

ನನ್ನಾಣೆಗೂ ಭಾನುವಿನ ಕೈ ಹೆಗಲಿಗೆ ಹೋಯಿತು! ಆಮೇಲೆ ನಿಧಾನವಾಗಿ ಎದ್ದ.

“ಹುಳ ಬಿಟ್ಟೋನು ನಾನು ಸಾರ್.”

“ಯಾರ ತಲೆಗೆ ಗುರು?” ಎಂದು ಹಿಂದಿನಿಂದ ಯಾರೋ ನಕ್ಕರು.

“ಆಂಟಿದೇನೂ ತಪ್ಪಿಲ್ಲ. ಆ ಗೊಬ್ಬರ ತಂದ್ಕೊಟ್ಟಿದ್ದು ನಾನು. ನೋಟಿಸು ನನ್ನ ಹೆಸರಿಗೆ ಬರೀರಿ. ಎಲ್ಲರ ಹುಲ್ಲೂ ನಾನೇ ಹಾಕಿಸ್ಕೊಡ್ತೀನಿ.”

“ಅವರ ಮನೆಗೆ ನೀನ್ಯಾಕಪ್ಪಾ ಗೊಬ್ಬರ ತಂದ್ಕೊಟ್ಟೆ?” ಎಂದರು ಪ್ರೆಸಿಡೆಂಟ್.

ಭಾನುವಿನ ಕಿವಿ ಕೆಂಪಾಯಿತು. ಈ ಸಲ ಅವನು ಆಚೆ ಈಚೆ ನೋಡಲಿಲ್ಲ, ನನ್ನನ್ನೇ ನೋಡಿದ.

“ಪ್ರಮೋದಾನ ಮದುವೆ ಆಗ್ಬೇಕು ಅಂತಿದೀನಿ ಸಾರ್.”

ಅಮ್ಮ ನನ್ನ ಕಡೆ ತಿರುಗಿದಳು. “ನರ್ಸರಿಯೋರು ಕೊಟ್ರು ಅಂದ್ಯಲ್ಲೇ?”

ಸಂಜೆ ಅವನು ನಮ್ಮ ಲಾನ್‌ನಲ್ಲಿ ಮಂಡಿಯೂರಿ ಕೂತು, ಮಣ್ಣು ಕೆದಕಿ ಹುಳ ಆರಿಸಿ ಬಕೆಟ್ಟಿಗೆ ಹಾಕುತ್ತಿದ್ದ. ಹಣೆಗೆಲ್ಲ ಮಣ್ಣು ಮೆತ್ತಿತ್ತು. ಒರೆಸಬೇಕೆಂದು ಕೈ ತುರಿಸುತ್ತಿತ್ತು, ಒರೆಸಲಿಲ್ಲ.

“ಇನ್ನೂ ಕೋಪಾನಾ, ಮಾನ್ಯರೇ?”

“ಬಾಯ್ಮುಚ್ಕೊಂಡು ಅಗಿ.”

ತಲೆ ತಗ್ಗಿಸಿಕೊಂಡು ನಕ್ಕ. ನನಗೂ ನಗು ಬಂತು. ಅವನಿಗೆ ಕಾಣದಂತೆ ಮುಖ ತಿರುಗಿಸಿದರೆ, ಬಾಗಿಲಲ್ಲಿ ಅಮ್ಮ ನಿಂತಿದ್ದಳು.

“ಕೈ ತೊಳ್ಕೊಂಡು ಬಾಪ್ಪಾ, ಮುದ್ದೆ ಆರೋಗ್ತದೆ” ಎಂದಳು. ಒಳಗೆ ಹೋಗುತ್ತಿದ್ದವಳು ಮತ್ತೆ ನಿಂತಳು. “ಬರೋ ವಾರ ನಿಮ್ಮಮ್ಮನ್ನ ಕರ್ಕೊಂಡ್ಬಾ. ಹೆಣ್ಣು ಕೇಳಕ್ಕೆ ಬರೋರು ಹೂವ ತರ್ತಾರೆ. ಗೊಬ್ಬರ ತಂದ್ರೆ ಗೇಟ್ ತೆಗೆಯಲ್ಲ, ಹೇಳಿದೀನಿ.”