ಬೆಚ್ಚಗಿನ ಒರಳು

ಕಲ್ಲಿನ ವಿಷಯದಲ್ಲಿ ಸಂಜೆ ಕಾಲೇಜಿನ ಪಾಠದಷ್ಟೇ ಬಲ್ಲ ನಾನು ಇದನ್ನು ಹೇಳಹೊರಟಿರುವುದು ಅಧಿಕಪ್ರಸಂಗವೇ ಸರಿ, ಕ್ಷಮಿಸಬೇಕು.

೧೯೬೮ರಲ್ಲಿ ದೊಡ್ಡಬಳ್ಳಾಪುರದಲ್ಲಿ ನನ್ನ ಹೆಂಡತಿ ಪಾಪಮ್ಮ ಮನೆಯಲ್ಲೇ ಇಡ್ಲಿ ಮಾಡಿ ಮಾರಲು ಶುರುಮಾಡಿದಳು. ನನ್ನ ಬಾಲ್ಯದ ಗೆಳೆಯ, ಕಲ್ಲುಕುಟಿಗ ಸೊಣ್ಣಪ್ಪ, ಕರಿಕಲ್ಲಿನ ಒರಳು ತಂದುಕೊಟ್ಟ.

"ಹೊಸಾ ಬಂಡೆ ಸೀಳಿ ಕಡ್ದಿದ್ದು ಕಣ್ಲಾ, ನಿನ್ನಾಣೆ" ಎಂದ.

ಕರಿಕಲ್ಲೆಂದರೆ ಭೂಮಿಯ ಬಿರುಕಿನಲ್ಲಿ ಬೆಂಕಿರಸ ಆರಿ ಆದ ಕಲ್ಲು. ಬೇಗ ಸವೆಯದು, ಹಿಟ್ಟಿಗೆ ಮರಳು ಬಿಡದು, ತಟ್ಟಿದರೆ ಗಂಟೆಯಂತೆ ನುಡಿಯುತ್ತದೆ. ಈ ಒರಳು ಮಾತ್ರ ಯಾರದೋ ಬೆನ್ನು ತಟ್ಟಿದಂತೆ ಮೆತ್ತಗೆ ಸದ್ದು ಮಾಡಿತು.

ಮೂರನೆಯ ದಿನದಿಂದ ಅದು ಬೆಳಗಿನ ಚಳಿಯಲ್ಲೂ ಬೆಚ್ಚಗಿರತೊಡಗಿತು. ಹಿಟ್ಟು ರುಬ್ಬುತ್ತಿರುವಾಗಲೇ ಹುಳಿಯಾಗುತ್ತಿತ್ತು. ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

"ಜ್ವರ ಬಂದೋರ ಮೈ ಮುಟ್ದಂಗಾಗ್ತದೆ, ನಾನ್ ರುಬ್ಬಾಕಿಲ್ಲ" ಎಂದು ಪಾಪಮ್ಮ ಅತ್ತಳು.

ಬಿರುಕಿದೆಯೇನೋ ಎಂದು ಒರಳನ್ನು ಮಗುಚಿದೆ. ತಳದಲ್ಲಿ ಉಬ್ಬಾಗಿ ಕೆತ್ತಿದ ಹೆಣ್ಣಿನ ಕೈ, ಕೈತುಂಬ ಬಳೆ. ಗಂಡನ ಚಿತೆ ಏರಿದವಳಿಗೆ ನಿಲ್ಲಿಸಿದ ಮಾಸ್ತಿಕಲ್ಲು ಅದು.

ಸೊಣ್ಣಪ್ಪನನ್ನು ಕರೆತಂದೆ. ಒಳಗೆ ಬರುವ ಮೊದಲೇ ಒಪ್ಪಿಕೊಂಡ.

"ಕೆರೆ ಏರಿ ಮೇಲಿಂದ ತಂದಿದ್ದು. ತಪ್ಪಾಯ್ತು ಕಣಪ್ಪಾ."

ನನ್ನ ತಲೆಯ ಮೇಲೆ ಆಣೆ ಇಟ್ಟು ಸುಳ್ಳು ಹೇಳಿದ್ದ. ಆಮೇಲೆ ಬಗ್ಗಿ ನೋಡಿದವನು ಬೆವತುಹೋದ.

"ಕೈಯೆಲ್ಲಾ ಕೆತ್ತಾಕಿ ತಳ ಮಟ್ಟ ಮಾಡಿದ್ದೆ ಕಣ್ಲಾ! ಇದ್ಯಾವಾಗ ಬಂತು?"

ಇಬ್ಬರೂ ಸೇರಿ ಕಲ್ಲನ್ನು ಏರಿಗೆ ಮರಳಿಸಿದೆವು. ಅವನೊಡನೆ ನಾನು ಮತ್ತೆ ಮಾತಾಡಲಿಲ್ಲ. ಕೈಯನ್ನು ಕೆತ್ತಿ ತೆಗೆದಿದ್ದೆ ಎಂದ ಆ ಮಾತೂ ಸುಳ್ಳಾಗಿತ್ತೋ ಏನೋ, ನನಗೆ ಇಂದಿಗೂ ತಿಳಿಯದು.