ಸಂಪಿನ ಗುಂಡಿಯ ನೆಲಗಪ್ಪೆಗಳು

"ಮತ್ತೆ ಜಾರಿ ಬಿತ್ತಮ್ಮ," ಎಂದಳು ಹುಡುಗಿ. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

ಮನೆಯ ಹಿಂದೆ ನೀರಿನ ಸಂಪಿಗೆಂದು ತೋಡಿದ ಗುಂಡಿ ಅದು. ಹಿಂದಿನ ರಾತ್ರಿಯ ಮಳೆಯಲ್ಲಿ ನೆಲಗಪ್ಪೆಗಳು ಅದರೊಳಗೆ ಬಿದ್ದಿದ್ದವು. ಗೋಡೆ ಕಡೆಗೆ ನೆಗೆಯುವುದು, ಧೊಪ್ಪೆಂದು ಕೆಸರಿಗೆ ಬೀಳುವುದು, ಇದೇ ನಡೆದಿತ್ತು. ಮರುದಿನ ಬೆಳಿಗ್ಗೆ ತಳಕ್ಕೆ ಕಾಂಕ್ರೀಟ್ ಹಾಕಲು ಮೇಸ್ತ್ರಿ ಬರುವವರಿದ್ದರು.

"ಕಪ್ಪೆ ತಾನೇ, ಕುಪ್ಪಳಿಸ್ಕೊಂಡು ಆಚೆ ಬರುತ್ತೆ ಬಿಡು," ಎಂದಳು ಅಮ್ಮ, ಒಣಗಿದ ಬಟ್ಟೆ ಮಡಚುತ್ತ.

"ನೆಲಗಪ್ಪೆ ಅಷ್ಟು ಎತ್ತರ ನೆಗೆಯಲ್ವಂತೆ. ಸೈನ್ಸ್ ಮಿಸ್ ಹೇಳಿದ್ರು. ರಾತ್ರಿಯೆಲ್ಲ ನಮ್ಮನೆ ಸುತ್ತಾನೇ ಹುಳ ಹಿಡ್ಕೊಂಡು ತಿರುಗ್ತಾವಂತೆ."

"ಜಿರಳೆ ಕಂಡ್ರೆ ಮಂಚ ಹತ್ತೋಳು ನೀನು. ಇದೇನು ಹೊಸದು?"

ಹುಡುಗಿಯ ಮುಖ ಸಪ್ಪಗಾಯಿತು. ಅಮ್ಮ ಹೇಳಿದ್ದು ನಿಜವೇ. ಕಪ್ಪೆಗಳ ಆ ಗಂಟುಗಂಟು ಮೈ ನೋಡಿದರೇ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ.

ಒಂದು ಹಲಗೆ ಎಳೆದು ತಂದು ಗುಂಡಿಗೆ ಓರೆಯಾಗಿ ಇಳಿಸಿದಳು. ಒಂದು ಕಪ್ಪೆ ಅರ್ಧದವರೆಗೆ ಹತ್ತಿತು. ಸರ್ರನೆ ಜಾರಿ ಮತ್ತೆ ಕೆಳಗೆ! ಹಲಗೆ ತುಂಬ ನುಣುಪಾಗಿತ್ತು.

ಹುಡುಗಿ ಅದನ್ನು ಮೇಲೆಳೆದು ಹಳೇ ಗೋಣಿಚೀಲ ಸುತ್ತಿ ಹಗ್ಗ ಬಿಗಿದಳು. ಗಂಟು ಸಡಿಲಾಯಿತು. ಬಿಚ್ಚಿ ಮತ್ತೆ ಕಟ್ಟಿದಳು. ಅಮ್ಮ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು. ಆಮೇಲೆ ಬಟ್ಟೆ ಪಕ್ಕಕ್ಕಿಟ್ಟು ಬಂದು ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಸೇರಿ ಅದನ್ನು ಮತ್ತೆ ಗುಂಡಿಗೆ ಇಳಿಸಿದರು.

ಬೆಳಿಗ್ಗೆ ಎದ್ದವಳೇ ಹುಡುಗಿ ಹಿತ್ತಲಿಗೆ ಓಡಿದಳು. ಕಪ್ಪೆಗಳೆಲ್ಲ ಹತ್ತಿ ಹೋಗಿದ್ದವು. ಆದರೆ ಮೂಲೆಯ ಕೆಸರಿನಲ್ಲಿ ಒಂದು ಮಾತ್ರ ಮುದುಡಿ ಕೂತಿತ್ತು. ಮೇಸ್ತ್ರಿಯ ಕಾಂಕ್ರೀಟ್ ಮಿಕ್ಸರ್ ಆಗಲೇ ಗುಡುಗುಡು ತಿರುಗುತ್ತಿತ್ತು.

"ಮೇಸ್ತ್ರಿ ಮಾಮ, ಒಂದ್ನಿಮಿಷ. ಒಂದು ಉಳ್ಕೊಂಡಿದೆ."

"ಕಲಸಿದ ಮಾಲು ಗಟ್ಟಿ ಆಗ್ಬಿಡುತ್ತಮ್ಮ. ಸಲಿಕೇಲಿ ಎತ್ತಿ ಬಿಸಾಕ್ಲಾ?"

"ಬೇಡ, ಪೆಟ್ಟಾಗುತ್ತೆ. ನಾನೇ ಇಳೀತೀನಿ."

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಮೇಸ್ತ್ರಿ ಅಮ್ಮನ ಮುಖ ನೋಡಿದರು. ಅಮ್ಮ ಹೂಂ ಎಂದು ತಲೆಯಾಡಿಸಿದಳು. ಮೇಸ್ತ್ರಿ ಏಣಿ ಇಳಿಸಿ ಗಟ್ಟಿಯಾಗಿ ಹಿಡಿದುಕೊಂಡರು.

ತಣ್ಣನೆಯ ಕೆಸರಿನಲ್ಲಿ ಪಾದ ಹೂತುಹೋಯಿತು. ಹುಡುಗಿ ಕೈ ಚಾಚಿದಳು, ಹಿಂದಕ್ಕೆಳೆದುಕೊಂಡಳು. ತುಟಿ ಕಚ್ಚಿಕೊಂಡು ಮತ್ತೆ ಬಗ್ಗಿ, ಎರಡೂ ಕೈ ಸೇರಿಸಿ ಕಪ್ಪೆಯನ್ನು ಎತ್ತಿಕೊಂಡಳು. ಅಂಗೈಯೆಲ್ಲ ಬೆಚ್ಚಗೆ ಒದ್ದೆಯಾಯಿತು.

"ಥೂ, ಉಚ್ಚೆ ಹೊಯ್ದ್ಬಿಡ್ತು ಮಾಮ."

"ಕೈ ಬಿಟ್ಟೀಯ ಮತ್ತೆ," ಎಂದು ನಗುತ್ತ ಮೇಸ್ತ್ರಿ ಹಗ್ಗ ಕಟ್ಟಿದ ಬಕೆಟ್ ಇಳಿಸಿದರು.

ಕಪ್ಪೆಯನ್ನು ಅದರೊಳಗೆ ಬಿಟ್ಟು ಮೇಲೆ ಬಂದವಳು ಬಕೆಟ್ಟನ್ನು ಬೇಲಿಯವರೆಗೆ ಹೊತ್ತುಕೊಂಡು ಹೋಗಿ, ಒದ್ದೆ ಎಲೆಗಳ ಮೇಲೆ ಮೆಲ್ಲಗೆ ಓರೆ ಮಾಡಿದಳು.

"ಕಪ್ಪೆ ಅಂದ್ರೆ ಅಷ್ಟೊಂದು ಇಷ್ಟಾನಾ ನಿಂಗೆ?" ಎಂದು ಕೇಳಿದರು ಮೇಸ್ತ್ರಿ.

"ಇಲ್ಲಪ್ಪ. ಅಸಹ್ಯ ಆಗುತ್ತೆ."

ಮೇಸ್ತ್ರಿ ತಲೆ ಕೆರೆದುಕೊಂಡು ಕೆಲಸಕ್ಕೆ ತಿರುಗಿದರು.

ಕೈ ತೊಳೆಯಲು ಹೊರಟ ಹುಡುಗಿ ಹಾಗೇ ನಿಂತಳು. ಕಪ್ಪೆ ಇದ್ದಲ್ಲೇ ಇತ್ತು. ಅದರ ಗಂಟಲು ಮಾತ್ರ ಪಟಪಟ ಬಡಿಯುತ್ತಿತ್ತು. ಅವಳ ಎದೆಯೂ ಇನ್ನೂ ಹಾಗೆಯೇ ಬಡಿಯುತ್ತಿತ್ತು.

ಅವಳು ಸದ್ದಾಗದಂತೆ ದೂರ ಸರಿದು ಕಾದಳು. ಎಷ್ಟೋ ಹೊತ್ತಿನ ಮೇಲೆ ಬೇಲಿಯ ಬುಡದಲ್ಲಿ ಒಂದು ಎಲೆ ಅಲುಗಿತು.